ಅಪ್ಪನ ಕೈ, ಪ್ರೋಟೀನಿನ ಬೆರಳು

ಡಿಎನ್‌ಎ ಅಂದ್ರೆ ನಮ್ಮಂಥ ಕೋಡ್ ಬರೆಯೋರ ತಲೆಯಲ್ಲಿ ಒಂದು ಉದ್ದನೆಯ ಸ್ಟ್ರಿಂಗ್. ಎ, ಟಿ, ಜಿ, ಸಿ, ನಾಲ್ಕೇ ಅಕ್ಷರ. ಪ್ರೋಟೀನು ಬಂದು ತನಗೆ ಬೇಕಾದ ಪದ ಹುಡುಕಿ ಅಂಟಿಕೊಳ್ಳುತ್ತೆ, ಕಂಟ್ರೋಲ್ ಎಫ್ ಒತ್ತಿದ ಹಾಗೆ. ಆದ್ರೆ ಅದು ಅಕ್ಷರ ಓದೋದರ ಜೊತೆಗೆ, ಡಿಎನ್‌ಎಯ ತಿರುಚಿದ ಏಣಿಯನ್ನು ತಡವಿಯೂ ನೋಡುತ್ತೆ.

ಆ ಏಣಿಯ ಮೈಮೇಲೆ ಎರಡು ಕಾಲುವೆಗಳಿವೆ, ಒಂದು ಅಗಲ, ಒಂದು ಕಿರಿದು. ಎ ಅಕ್ಷರ ಸಾಲಾಗಿ ಬಂದ ಕಡೆ ಕಿರಿಕಾಲುವೆ ಇನ್ನಷ್ಟು ಇಕ್ಕಟ್ಟಾಗುತ್ತೆ, ಅಲ್ಲಿ ಋಣ ವಿದ್ಯುದಂಶದ ಸೆಳೆತ ಜಾಸ್ತಿ. ಧನ ವಿದ್ಯುದಂಶ ಹೊತ್ತ ಆರ್ಜಿನಿನ್ ಎಂಬ ಪ್ರೋಟೀನಿನ ಬೆರಳಿಗೆ ಅದೇ ಸರಿಯಾದ ಸಂದು. ಇನ್ನು ಟಾಟಾ ಬೈಂಡಿಂಗ್ ಪ್ರೋಟೀನ್ (ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ) ತಾನು ಹಿಡಿದ ಜಾಗದಲ್ಲಿ ಡಿಎನ್‌ಎಯನ್ನು ಸುಮಾರು 80 ಡಿಗ್ರಿ ಬಗ್ಗಿಸಿಬಿಡುತ್ತೆ.

ಇದರ ಒಂದು ಎಳೆ ಬೆಂಗಳೂರಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ, ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಮತ್ತು ಸಂಗಡಿಗರು ಎಟಿಎಟಿ ಎಂಬ ನಾಲ್ಕಕ್ಷರದ ತುಣುಕಿನ ಹರಳಿಗೆ ಎಕ್ಸ್-ರೇ ಹಾಯಿಸಿ, 1978ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಎ-ಯಿಂದ ಟಿ-ಗೆ ಹೋಗೋ ಹೆಜ್ಜೆ ಒಂದು ಥರ, ಟಿ-ಯಿಂದ ಎ-ಗೆ ಇನ್ನೊಂದು ಥರ. ಮರುವರ್ಷ ಆರನ್ ಕ್ಲುಗ್ ಮತ್ತಿತರರ ಜೊತೆ ಸೇರಿ, ಇ. ಕೋಲಿ ಬ್ಯಾಕ್ಟೀರಿಯಾದ ಲ್ಯಾಕ್ ರೆಪ್ರೆಸರ್ ಪ್ರೋಟೀನು ಎಟಿಎಟಿ ಸಾಲನ್ನು ಬಿಗಿಯಾಗಿ ಹಿಡಿಯೋದಕ್ಕೆ ಈ ಆಕಾರವೇ ಕಾರಣ ಇರಬಹುದು ಅಂದರು. ನಾಲ್ಕಕ್ಷರದಿಂದ ಇಷ್ಟು ಹೊರಟಿತು ನೋಡಿ!

ಇದನ್ನು ನಾನು ಓದಿದ್ದು ಹಾವೇರಿಯಿಂದ ಬೆಂಗಳೂರಿಗೆ ವಾಪಸ್ ಬರೋ ರೈಲಿನಲ್ಲಿ. ಬ್ಯಾಡಗಿ ದಾಟುವಾಗ ಅಪ್ಪನ ಕೈ ಕಣ್ಣಮುಂದೆ ಬಂತು. ಗ್ಲಾಕೋಮಾದಿಂದ ಅಪ್ಪನ ನೋಟ ಮುಕ್ಕಾಲು ಹೋಗಿದೆ, ಹೋದದ್ದು ಮರಳಿ ಬರಲ್ಲ. ಇನ್ನು ಮೆಣಸಿನಕಾಯಿ ಆರಿಸೋದು ಸಾಕು ಅಂತ ಅಣ್ಣನ ಹಠ. ಆದ್ರೆ ಬ್ಯಾಡಗಿ ಡಬ್ಬಿ ಕಾಯಿಯ ಸುಕ್ಕು ಬೆರಳಿಗೆ ಸಿಗುತ್ತೆ. ಚೀಲದ ಮೇಲೆ ಬರೆದದ್ದು ಕಾಣದಿದ್ರೂ ಅಪ್ಪ ಒಳಗೆ ಕೈಹಾಕಿ, “ಇದ್ರಾಗ ಬ್ಯಾರೆ ಕಾಯಿ ಕೂಡೈತಿ, ಸುಕ್ಕು ಸಾಲ್ದು” ಅಂತಾನೆ. ಹೋದ ವಾರ ಹಾಗಂದ ಎರಡು ಚೀಲ ಸುರಿದು ನೋಡಿದ್ವಿ. ಕೂಡಿತ್ತು.

ರಾಣೆಬೆನ್ನೂರಲ್ಲಿ ಗಾಡಿ ನಿಂತಾಗ ಅಣ್ಣನಿಗೆ ಫೋನ್ ಮಾಡಿ, ಆರಿಸೋದು ಅಪ್ಪನೇ ಆರಿಸ್ಲಿ ಅಂದೆ.

“ಮುಂದಿನ ಲೋಡಿಗೆ ನೀ ಬಂದು ಅವನ ಜೋಡಿ ಕುಂದರ್ತಿ ಏನು?”

ನಾಲ್ಕು ದಿನ ರಜೆ ಹಾಕಿದ್ದೀನಿ. ಇನ್ನೂ ಅಪ್ರೂವ್ ಆಗಿಲ್ಲ.