ಆಯಿಲ್ಲೂ ನೀರೂ ಕೂಡಬಾರದ ಜಾಗ

ಕಪಿಲೆ ನಂಜನಗೂಡು ದಾಟಿ ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡಿದರೆ ಅದು ಪುಣ್ಯಸಂಗಮ. 1989ರಲ್ಲಿ ಶುರುವಾದ ಕುಂಭಮೇಳ ನಡೆಯುವುದೂ ಅಲ್ಲೇ. ಆದರೆ ಜಾತ್ರೆಗೂ ಮೇಳಕ್ಕೂ ಜನರನ್ನು ಹೊತ್ತು ಓಡುವ ಡೀಸೆಲ್ ಗಾಡಿಯ ಇಂಜಿನ್‌ನೊಳಗೆ ಆಯಿಲ್ಲೂ ನೀರೂ ಕೂಡಿದರೆ ಜೇಬಿಗೆ ಕತ್ತರಿ.

ಇಂಜಿನ್ ಆಯಿಲ್ ತಣಿಸುವ ಆಯಿಲ್ ಕೂಲರ್‌ನಲ್ಲಿ ಆಯಿಲ್ಲೂ ಕೂಲಂಟ್ ನೀರೂ ತೆಳು ಲೋಹದ ತಗಡಿನ ಆಚೀಚೆ ಹರಿಯುತ್ತವೆ. ತಗಡು ತೂತಾದರೆ, ಇಂಜಿನ್ ಓಡುವಾಗ ಒತ್ತಡ ಹೆಚ್ಚಿರುವ ಆಯಿಲ್ ಕೂಲಂಟ್‌ಗೆ ನುಗ್ಗುತ್ತದೆ. ಕೂಲಂಟ್ ಬಾಟಲಿಯಲ್ಲಿ ಕಾಫಿ ಬಣ್ಣದ ಜಿಡ್ಡು ಕಾಣುತ್ತದೆ. ಹೆಡ್ ಗ್ಯಾಸ್ಕೆಟ್ ಹೋದರೂ ಇದೇ ಲಕ್ಷಣ ಇರಬಹುದು. ಹಾಗಾಗಿ ಹೆಡ್ ಬಿಚ್ಚಿಸುವ ಮೊದಲು ಕೂಲರ್ ಕಳಚಿ, ಗಾಳಿ ತುಂಬಿ ಲೀಕ್ ನೋಡಲು ಮೆಕ್ಯಾನಿಕ್‌ಗೆ ಹೇಳಿ.

ಕೂಲರ್ ಬದಲಿಸಿದರಷ್ಟೇ ಸಾಲದು. ಅದರ ಗ್ಯಾಸ್ಕೆಟ್, ಓರಿಂಗ್‌ಗಳೂ ಹೊಸದಿರಲಿ. ಇಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಜಿಡ್ಡು ಪೂರ್ತಿ ಹೋಗುವವರೆಗೆ ರೇಡಿಯೇಟರ್ ತೊಳೆಸಿ. ಆಯಿಲ್ ಕುಡಿದು ಉಬ್ಬಿದ ರಬ್ಬರ್ ಹೋಸ್‌ಗಳನ್ನು ತೆಗೆಸಿ.

ಕೊನೆಗೊಂದು ಮಾತು: ದುಡ್ಡು ಉಳಿಸಲು ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಬೇಡಿ. ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿ, ತುಕ್ಕು ಹಿಡಿಸಿ, ಹೊಸ ಕೂಲರನ್ನೂ ತಿಂದುಹಾಕುತ್ತದೆ.