ಸಹಿ ಹಾಕಿದ ಕಾಗದದ ಭಯ

ಮನೆಯಲ್ಲಿ ಕುಳಿತು ದುಡಿಯುವುದು ಕಾಸರಗೋಡಿನ ಹೆಂಗಸರಿಗೆ ಹೊಸತಲ್ಲ. ಈ ನಾಡಿನ ಎಷ್ಟೋ ಮನೆಗಳ ಮಕ್ಕಳ ಪುಸ್ತಕ, ಕೊಡೆ, ಸಮವಸ್ತ್ರಗಳು ಬೀಡಿಯ ಸಂಬಳದಿಂದ ಬಂದವು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಕಟ್ಟಿದ ಬೀಡಿಯನ್ನು ಒಪ್ಪಿಸಿ ಲೆಕ್ಕ ಬರೆಯಿಸಿಕೊಳ್ಳುವುದು. ಚೆನ್ನಾಗಿಲ್ಲವೆಂದು ಒಂದಷ್ಟನ್ನು ತೆಗೆದುಹಾಕಿ ಕೂಲಿ ಮುರಿಯುವ ಅನ್ಯಾಯ ಅಲ್ಲಿಯೂ ಇತ್ತು. ಆದರೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲೇ ಬೀಡಿ ಕಟ್ಟುವವಳನ್ನು ಕಾರ್ಮಿಕಳೆಂದು ಗುರುತಿಸಿತು; ಭವಿಷ್ಯನಿಧಿಯ ಹಕ್ಕು ಇಂಥವರಿಗೂ ಉಂಟೆಂಬುದನ್ನು ಸುಪ್ರೀಂ ಕೋರ್ಟು 1985ರಲ್ಲಿ ಎತ್ತಿಹಿಡಿಯಿತು.

ಹಾಗೆ ಬೀಡಿ ಕಟ್ಟಿ ಸಂಸಾರ ನಡೆಸಿದ ಅತ್ತೆಯೊಬ್ಬರ ಸೊಸೆಗೆ ಮನೆಗೆಲಸದ ನಡುವೆಯೇ ಆಗುವ ಒಂದು ಉದ್ಯೋಗ ಬೇಕಾಗಿತ್ತು. ಗಂಡ ಕೊಲ್ಲಿಯಲ್ಲಿ, ಇಬ್ಬರು ಮಕ್ಕಳು ಕನ್ನಡ ಶಾಲೆಯಲ್ಲಿ. ಆಕೆಯೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಇಂಗ್ಲಿಷನ್ನು ಕೂಡಿಸಿ ಓದಬಲ್ಲಳು, ಓದಿದ್ದೆಲ್ಲ ಅರ್ಥವಾಗದು. ವಾಟ್ಸ್ಆ್ಯಪಿಗೆ ಬಂದ ಜಾಹೀರಾತಿನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ 25,000 ರೂಪಾಯಿ, ನೋಂದಣಿ ಶುಲ್ಕವಿಲ್ಲ ಎಂದಿತ್ತು. ಶುಲ್ಕ ಕೇಳುವವರು ಮೋಸಗಾರರೆಂದು ಆಕೆಗೆ ಗೊತ್ತಿತ್ತು. ಕೇಳದಿದ್ದುದರಿಂದಲೇ ನಂಬಿದಳು.

ಆಧಾರ್ ಕಾರ್ಡಿನ ಚಿತ್ರ ಹೋಯಿತು, ಸಹಿಯ ಚಿತ್ರ ಹೋಯಿತು. ಛಾಪಾ ಕಾಗದದ ಮೇಲೆ ಅಚ್ಚಾದ ಹಲವು ಪುಟಗಳ ಇಂಗ್ಲಿಷ್ ಕರಾರು ಬಂದಿತು. ಆಕೆ ಪುಟಪುಟಕ್ಕೂ ಬೆರಳಿನಿಂದ ಸಹಿ ಮಾಡಿದಳು. ಆರು ದಿನಗಳಲ್ಲಿ 500 ಫಾರಂ ತುಂಬಬೇಕು, ನೂರಕ್ಕೆ ತೊಂಬತ್ತು ಸರಿಯಿರಬೇಕು. ಮಕ್ಕಳನ್ನು ಮಲಗಿಸಿ ನಡುರಾತ್ರಿಯವರೆಗೆ ತುಂಬಿದಳು. ಕೊನೆಯ ದಿನ ಅವರ ಜಾಲತಾಣ ತೆರೆಯಲೇ ಇಲ್ಲ. ಮರುದಿನ ಸುದ್ದಿ ಬಂದಿತು: ಕೆಲಸ ತಪ್ಪಾಗಿದೆ, ಕರಾರಿನಂತೆ 5,500 ರೂಪಾಯಿ ಕಟ್ಟಬೇಕು. ಕಟ್ಟಿದಳು. ಬಳಿಕ ‘ವಕೀಲ’ನೊಬ್ಬನ ಕರೆ, ಹಿಂದಿಯಲ್ಲಿ: ಮೊಕದ್ದಮೆ ದಾಖಲಾಗಿದೆ, ಪೊಲೀಸರು ಮನೆಗೆ ಬರುತ್ತಾರೆ, 12,000 ಕಳಿಸಿದರೆ ರಾಜಿ. ವಕೀಲರೆಂದರೆ ರಾತ್ರಿ ಹತ್ತಕ್ಕೆ ಕರೆಮಾಡಿ ಗದರಿಸುವವರೆಂದು ಜನ ನಂಬುವಷ್ಟು ಈ ವೃತ್ತಿಯ ಹೆಸರು ಕೆಟ್ಟಿರುವುದೂ ಒಂದು ಸೋಜಿಗ. ಬಳೆ ಸಹಕಾರಿ ಬ್ಯಾಂಕಿಗೆ ಹೋಯಿತು, 12,000 ಅವನ ಕೈಸೇರಿತು. ವಾರದೊಳಗೆ 18,000ದ ಬೇಡಿಕೆ ಬಂದಾಗ ಸೊಸೆಯ ಅಳು ಅತ್ತೆಗೆ ಕೇಳಿಸಿತು.

“ಕೆಲಸ ಮಾಡಿದ್ದು ನೀನು, ದುಡ್ಡು ಕೊಡುವುದೂ ನೀನೆಯಾ?” ಎಂದರು ಅವರು.

ಅಕ್ಷರ ಕಲಿಯದ ಆ ಹಿರಿಯರ ಪ್ರಶ್ನೆಯಲ್ಲಿದ್ದ ತರ್ಕ ಕಾನೂನಿನಲ್ಲಿಯೂ ಇದೆ. ಮೋಸದಿಂದ ಒಪ್ಪಿಗೆ ಪಡೆದ ಕರಾರನ್ನು ವಂಚಿತರು ತಳ್ಳಿಹಾಕಬಹುದು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯಿದೆಯ 19ನೆಯ ಕಲಮು. ಕರಾರು ನಿಜವಾದುದೇ ಆಗಿದ್ದರೂ ಅದರಲ್ಲಿ ಕಾಣಿಸಿದ ದಂಡವನ್ನು ಹಾಗೆಯೇ ಸುಲಿಯುವಂತಿಲ್ಲ. 74ನೆಯ ಕಲಮಿನಂತೆ ನ್ಯಾಯಾಲಯವು ಯೋಗ್ಯವೆಂದು ಕಂಡಷ್ಟನ್ನೇ ಕೊಡಿಸೀತು. ಒಪ್ಪಿಕೊಂಡ ಕೆಲಸವನ್ನು ಮುಗಿಸಲಾಗದಿರುವುದು ಹೆಚ್ಚೆಂದರೆ ಸಿವಿಲ್ ವ್ಯಾಜ್ಯ, ಬಂಧನಕ್ಕೆ ಕಾರಣವಲ್ಲ. ಛಾಪಾ ಕಾಗದವನ್ನು ಯಾರೂ ಕೊಳ್ಳಬಹುದು. ಅದು ನ್ಯಾಯಾಲಯದ ಕಾಗದವಲ್ಲ. ನಿಜವಾದ ಮೊಕದ್ದಮೆಯಾದರೆ ಅಕ್ಷರ, ಅಂಕೆ ಸೇರಿ 16 ಸ್ಥಾನಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ; ಇ-ಕೋರ್ಟ್ಸ್ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು. ಸಮನ್ಸಿನ ಜೊತೆಗೆ ಹಣ ಕಳಿಸುವ ಕ್ಯೂಆರ್ ಕೋಡು ಬರುವುದಿಲ್ಲ. ಇಲ್ಲಿ ಅಪರಾಧ ನಡೆದಿದ್ದರೆ ಅದು ಕರೆಮಾಡಿದವನದು: ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆ, ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನ ಸೋಗು.

ಇಷ್ಟು ತಿಳಿದ ಮೇಲೂ ಆಕೆ ಠಾಣೆಗೆ ಹೋಗಲು ಹಿಂಜರಿದಳು. ಮಾನದ ಅಂಜಿಕೆ ಒಂದು. ಇನ್ನೊಂದನ್ನು ಗಡಿನಾಡಿನ ಕನ್ನಡಿಗರು ಹೇಳದೆಯೇ ಬಲ್ಲರು: ದೂರು ಬರೆಯುವುದು ಯಾವ ಭಾಷೆಯಲ್ಲಿ? ಮಲಯಾಳ ಮಾತಾಡಲು ಬಂದರೂ ಬರೆಯಲು ಬಾರದು, ಇಂಗ್ಲಿಷು ಅರ್ಧಂಬರ್ಧ. ಮೋಸಗಾರನಿಗೆ ಆಕೆ ಅರಿಯದ ಭಾಷೆ ಆಯುಧವಾಗಿದ್ದಂತೆ, ಆಕೆಗೆ ಗೊತ್ತಿರುವ ಒಂದೇ ಲಿಪಿ ಬೇಡಿಯಾಯಿತು. ಆದರೆ ಸಂವಿಧಾನದ 350ನೆಯ ವಿಧಿಯ ಪ್ರಕಾರ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಶಾಲೆ, ಪಠ್ಯಪುಸ್ತಕಗಳ ಹೋರಾಟದಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳನ್ನು ನೆನೆಯುವ ನಮ್ಮವರು ಈ ವಿಧಿಯನ್ನು ನೆನೆಯುವುದು ಕಡಿಮೆ.

ಮಕ್ಕಳ ಶಾಲೆಯ ಟೀಚರೊಬ್ಬರು ಜೊತೆಗೆ ಕುಳಿತರು. ಮೊದಲು 1930ಕ್ಕೆ ಕರೆ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಬೇಕಾದರೆ ಗಂಟೆಗಳಲ್ಲೇ ಕರೆ ಹೋಗಬೇಕು; ಇಲ್ಲಿ ದಿನಗಳು ಕಳೆದಿದ್ದವು. ಮತ್ತೆ ಬ್ಯಾಂಕಿಗೆ ತಿಳಿಸಿದರು. ಕರೆಗಳ ದಿನಾಂಕ, ಹಣ ಹೋದ ಯುಪಿಐ ಸಂಖ್ಯೆ, ಕರಾರಿನ ಪ್ರತಿ, ಬೆದರಿಕೆಯ ಸಂದೇಶ ಯಾವುದನ್ನೂ ಅಳಿಸದೆ ಎರಡು ಪುಟಗಳ ದೂರನ್ನು ಆಕೆ ತನ್ನ ದುಂಡು ಕನ್ನಡದಲ್ಲೇ ಬರೆದಳು. ಠಾಣೆಯಲ್ಲಿ ಒಬ್ಬರು ಮುಖ ಸಿಂಡರಿಸಿದರು, ಕನ್ನಡ ಬಲ್ಲ ಇನ್ನೊಬ್ಬರು ಓದಿ ತೆಗೆದುಕೊಂಡರು. ಹೆಂಗಸರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆಂಬುದು, 1987ರ ಕಾಯಿದೆಯಿಂದ ಬಂದ ಆ ಅನುಕೂಲ, ಆಕೆಗೆ ತಿಳಿದದ್ದು ಆಮೇಲೆ.

17,500 ರೂಪಾಯಿ ಇನ್ನೂ ಮರಳಿಲ್ಲ. ದೂರು ಕೊಟ್ಟಿದ್ದೇನೆಂದು ಹೇಳಿದ ದಿನದಿಂದ ‘ವಕೀಲ’ನ ಕರೆಯೂ ಇಲ್ಲ.

ಕೆಲಸ ಹುಡುಕುವುದನ್ನು ಆಕೆ ಬಿಡಲಿಲ್ಲ. ಕೇಂದ್ರ ಸರಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ತಾಣದಲ್ಲಿ ಹೆಸರು ನೋಂದಾಯಿಸಿದ್ದಾಳೆ, ಅದಕ್ಕೆ ಶುಲ್ಕವಿಲ್ಲ. ಅಲ್ಲಿಂದ ಕರೆ ಬಂದರೂ ಕಚೇರಿ ಎಲ್ಲಿದೆ, ಮೊದಲು ಅಲ್ಲಿ ದುಡಿದವರು ಯಾರು ಎಂದು ವಿಚಾರಿಸದೆ ಆಧಾರ್ ಕಳಿಸುವುದಿಲ್ಲ. ಕಂಪೆನಿ ನೋಂದಣಿಯಾಗಿದೆಯೆಂಬ ಪ್ರಮಾಣಪತ್ರ ತೋರಿಸಿದರೆ ಸಾಲದೆಂಬುದೂ ಈಗ ಗೊತ್ತು. ಸದ್ಯಕ್ಕೆ ಊರಿನ ಕುಟುಂಬಶ್ರೀ ಘಟಕದಿಂದ ಸಮವಸ್ತ್ರ ಹೊಲಿಯುವ ಕೆಲಸ ಮನೆಗೆ ಬರುತ್ತದೆ. ಬಟ್ಟೆ ಅವರದು, ನೂಲು ಅವರದು. ಜೋಡಿಗಿಷ್ಟೆಂದು ಕೂಲಿ, ಲೆಕ್ಕ ಪುಸ್ತಕದಲ್ಲಿ. 25,000ದ ಹತ್ತಿರಕ್ಕೂ ಅದು ಬರುವುದಿಲ್ಲ. ಬಳೆಯ ಬಡ್ಡಿಯನ್ನು ತಿಂಗಳು ತಪ್ಪದೆ ಕಟ್ಟುತ್ತಿದ್ದಾಳೆ.