ಸಂಜೆ ಪಾರ್ಟಿ ಬರುತ್ತೆ

ಮುಂಬಯಿಯಲ್ಲಿ ಮನೆ ಕೊಂಡ ಕತೆಯನ್ನು ಕೇಳದಿದ್ದರೂ ಹೇಳುವವರಿದ್ದಾರೆ. ಹಗಲು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಮೊಗವೀರ ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನ ಮಾಳಿಗೆಯಲ್ಲೇ ಮಲಗಿ, ಮುಂದೆ ಬ್ಯಾಂಕಿಗೋ ಕಂಪನಿಗೋ ಸೇರಿ, ಚಾಳಿನ ಖೋಲಿಯಲ್ಲಿ ಸಂಸಾರ ಹೂಡಿ, ಕೊನೆಗೊಮ್ಮೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಸ್ವಂತ ಫ್ಲ್ಯಾಟಿನಲ್ಲಿ ಹಾಲು ಉಕ್ಕಿಸಿದ ಕತೆ ನಮ್ಮ ಕರಾವಳಿಯವರ ಮನೆಮನೆಯಲ್ಲೂ ಇದೆ. ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅದನ್ನು ಓದಿ ಕಣ್ಣು ಒರೆಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಅದೇ ಮನೆಯನ್ನು ಮಾರಿದ ಕತೆಯನ್ನು ಯಾರೂ ಬರೆದದ್ದು ಕಾಣೆ. "ಇಲ್ಲಿಯದನ್ನು ಮಾರಿ ಊರಿಗೆ ಹೋದರಂತೆ" ಎಂದರೆ ಮುಗಿಯಿತು. ಆ ಮಾತಿನ ಹಿಂದೆ ಎಷ್ಟು ತಿಂಗಳ ನಿದ್ದೆಗೇಡು ಇರುತ್ತದೆ ಎಂಬುದು ನಮ್ಮ ಮನೆಯನ್ನೇ ಮಾರಾಟಕ್ಕೆ ಇಟ್ಟ ಮೇಲೆ ಅರ್ಥವಾಯಿತು.

ನಮ್ಮದು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ, ಮೂರನೇ ಮಹಡಿಯ ಒನ್ ಬಿಎಚ್‌ಕೆ. ಎಂಬತ್ತರ ದಶಕದ ಕಟ್ಟಡ, ಲಿಫ್ಟ್ ಇಲ್ಲ. ಕೊಳ್ಳುವಾಗ ಲಿಫ್ಟಿನ ಯೋಚನೆ ಯಾರಿಗಿತ್ತು? ನೀರು ಬರುತ್ತದೆಯೇ, ಫಾಸ್ಟ್ ಲೋಕಲ್ ನಿಲ್ಲುತ್ತದೆಯೇ ಎಂದಷ್ಟೇ ಕೇಳಿದ್ದೆವು. ಈಗ ನಮ್ಮಾಕೆಯ ಮಂಡಿ ಮೂರು ಮಹಡಿ ಒಪ್ಪುತ್ತಿಲ್ಲ, ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ. ಇದನ್ನು ಮಾರಿ ಕುಂದಾಪುರದ ಕಡೆ ನೆಲಮಟ್ಟದ ಒಂದು ಮನೆ ಮಾಡಿಕೊಂಡರೆ ಸಾಕು ಎಂಬುದು ನಮ್ಮ ಆಸೆ.

ಬ್ರೋಕರಿಗೆ ಹೇಳಿದಾಗ ಮಳೆಗಾಲ. "ಕಾಕಾ, ಈಗ ಮಾರ್ಕೆಟ್ ಠಂಡಾ, ಮಳೆಯಲ್ಲಿ ಯಾರೂ ಮನೆ ನೋಡಲ್ಲ" ಎಂದ. ಮಳೆ ಕಳೆಯಿತು, ಗಣಪತಿ ಬಂದ. ಗಣಪತಿ ಹೋದ ಬೆನ್ನಿಗೇ ಪಿತೃಪಕ್ಷ. ಆ ಹದಿನೈದು ದಿನ ಟೋಕನ್ ಕೊಡುವವರೇ ಇಲ್ಲ. ದಸರೆಗೆ ಬಿಲ್ಡರುಗಳ ಜಾಹೀರಾತು ಪತ್ರಿಕೆಯ ಮುಖಪುಟವನ್ನೇ ನುಂಗಿತು, ಜನ ಹೊಸ ಟವರುಗಳ ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೋದರು. ದೀಪಾವಳಿಗೆ ಎಲ್ಲರೂ ಊರಿಗೆ. ಮಾರ್ಚಿನಲ್ಲಿ ಟ್ಯಾಕ್ಸ್ ಗಡಿಬಿಡಿ. "ಗುಡಿ ಪಾಡ್ವಾ ಬರಲಿ, ಅಕ್ಷಯ ತೃತೀಯ ಬರಲಿ" ಎನ್ನುವಷ್ಟರಲ್ಲಿ ಮತ್ತೆ ಆಕಾಶದಲ್ಲಿ ಮೋಡ. ಬ್ರೋಕರನದು ಸುಳ್ಳಲ್ಲ. ಕೊಳ್ಳುವವನಿಗೆ ಅವಸರವಿಲ್ಲದ ಕಾಲದಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಅಡ್ಡಿ ಇದ್ದೇ ಇರುತ್ತದೆ.

ಇನ್ನು ಮನೆ ನೋಡಲು ಬರುವವರ ವಿಚಾರ. ಬ್ರೋಕರುಗಳ ಬಾಯಲ್ಲಿ ಅವರು 'ಪಾರ್ಟಿ'. "ಸಂಜೆ ಪಾರ್ಟಿ ಬರುತ್ತೆ, ಮನೆಯಲ್ಲೇ ಇರಿ" ಎಂದು ಫೋನ್ ಬಂದರೆ ಆ ದಿನದ ಬೇರೆ ಕೆಲಸಗಳೆಲ್ಲ ನಿಂತ ಹಾಗೆ. ಹಾಸಿಗೆಯ ಚಾದರ ಬದಲಾಗುತ್ತದೆ, ಬಾಲ್ಕನಿಯ ಒಣಬಟ್ಟೆ ಒಳಗೆ ಬರುತ್ತದೆ, ಹಗಲಲ್ಲೇ ಎಲ್ಲ ದೀಪಗಳೂ ಉರಿಯುತ್ತವೆ. ಹೆಚ್ಚಿನ ಪಾರ್ಟಿಗಳು ಬರುವುದು ಭಾನುವಾರ. ಡೊಂಬಿವಲಿಯಲ್ಲಿ ಮೀನಿನ ವಾಸನೆ ಒಗ್ಗದ ಮನೆತನಗಳು ಬಹಳ ಇರುವುದರಿಂದ ಭಾನುವಾರದ ಬಂಗುಡೆ ನಮ್ಮಲ್ಲಿ ನಿಂತೇ ಹೋಯಿತು. "ಈ ವಾರವೂ ಬೇಳೆಸಾರೇ ಅಲ್ವಾ?" ಎಂದು ನಮ್ಮಾಕೆ ಕೇಳುವಾಗ ನನಗೆ ಸಂಕಟವಾಗುತ್ತದೆ. ದುಡಿದು ಕಟ್ಟಿದ ಸಂಸಾರದಲ್ಲಿ, ನಮ್ಮದೇ ಅಡಿಗೆಮನೆಯಲ್ಲಿ, ಇನ್ನೂ ಮುಖವನ್ನೇ ನೋಡದವರ ಮೂಗಿಗೆ ಹೆದರಿ ಬದುಕುವ ಪರಿಸ್ಥಿತಿ ಇದು.

ಬಂದವರು ನೋಡುವ ರೀತಿಯೂ ಒಬ್ಬೊಬ್ಬರದು ಒಂದೊಂದು. ಹೆಂಗಸರು ನೇರ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಾರೆ. ಹಿರಿಯರಿದ್ದರೆ ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ದಿಕ್ಕಿಗೆ. ಹರೆಯದವರು ಫೋನು ಹಿಡಿದು ಗೋಡೆ ಅಳೆಯುತ್ತಾರೆ. ಒಬ್ಬರಂತೂ ಬೆಡ್‌ರೂಮಿನ ಕಿಟಕಿಯ ಪಕ್ಕದಲ್ಲಿ ಬಣ್ಣ ಉಬ್ಬಿದ ಜಾಗವನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, ಮತ್ತೆ ಕುಟ್ಟಿ, ಬ್ರೋಕರನ ಮುಖ ನೋಡಿದರು. ಆ ಗೋಡೆಗೆ ಒರಗಿಯೇ ನನ್ನ ಮಗಳು ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದಿದ್ದು. ಅವರಿಗೆ ಅದು ಲೀಕೇಜು. ತಪ್ಪು ಅವರದಲ್ಲ, ಸಾಲ ಮಾಡಿ ಕೊಳ್ಳುವವರು ಕುಟ್ಟಿ ನೋಡಬೇಕಾದದ್ದೇ. ಆದರೂ ಆ ಸದ್ದು ಎದೆಗೆ ತಾಗುತ್ತದೆ.

ಬೆಲೆಯ ವಿಷಯದಲ್ಲಿ ನಮ್ಮವರು ಹಠ ಹಿಡಿಯುವುದುಂಟು. ಪಕ್ಕದ ಬಿಲ್ಡಿಂಗಿನದು ಇಷ್ಟಕ್ಕೆ ಹೋಯಿತಂತೆ ಎಂಬ ಸುದ್ದಿ ತಲೆಯಲ್ಲಿ ಕೂತರೆ ಅದಕ್ಕಿಂತ ಒಂದು ರೂಪಾಯಿ ಇಳಿಯಲು ಮನಸ್ಸು ಬರುವುದಿಲ್ಲ. ಮುಂಬಯಿಯಲ್ಲಿ ಬೆಲೆ ಇಳಿಯುವುದೇ ಇಲ್ಲ ಎಂಬ ನಂಬಿಕೆ ಬೇರೆ. ಹಳಬರಿಗೆ ನೆನಪಿರಬೇಕು: 1995ರ ಸುಮಾರಿಗೆ ನರಿಮನ್ ಪಾಯಿಂಟಿನ ಆಫೀಸು ಜಾಗ ಜಗತ್ತಿನಲ್ಲೇ ದುಬಾರಿ ಎನ್ನುತ್ತಿದ್ದರು. ಆಮೇಲೆ ಬಿದ್ದ ಮಾರ್ಕೆಟ್ಟು 2003ರ ತನಕ ತಲೆ ಎತ್ತಲಿಲ್ಲ. ಆಗ ಹೋಟೆಲಿನ ಸಾಲ ತೀರಿಸಲು ಮನೆ ಮಾರಲು ಹೊರಟು, ವರ್ಷಗಟ್ಟಲೆ ಕಾದು, ಕೊನೆಗೆ ಮೊದಲು ಬೇಡವೆಂದ ಬೆಲೆಗಿಂತ ಕಡಿಮೆಗೆ ಕೊಟ್ಟವರನ್ನು ನಾನು ಬಲ್ಲೆ. ಕೋವಿಡ್ ಕಾಲದಲ್ಲಿ ಸರಕಾರವೇ ಕೈಹಾಕಿ, ಮುಂಬಯಿಯ ಸ್ಟ್ಯಾಂಪ್ ಡ್ಯೂಟಿಯನ್ನು 2020ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಶೇಕಡಾ 5ರಿಂದ 2ಕ್ಕೆ ಇಳಿಸಿತು. ಆ ಡಿಸೆಂಬರಿನಲ್ಲಿ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಕ್ಯೂ ನಿಂತಿತು. ಅಂಥ ಅದೃಷ್ಟ ಎಲ್ಲ ಮಾರುವವರಿಗೂ ಸಿಗುವುದಿಲ್ಲ.

ಕಾಗದಪತ್ರದ ಮಾತು ಬಂದರೆ ಡೊಂಬಿವಲಿಯವರಾದ ನಮ್ಮ ಪಾಡು ಇನ್ನೂ ಕಷ್ಟ. ಪಾಲಿಕೆಯ ಹೆಸರಿನಲ್ಲಿ ಸುಳ್ಳು ಅನುಮತಿಪತ್ರ ಸೃಷ್ಟಿಸಿ ಮಹಾರೇರಾ ನೋಂದಣಿಯನ್ನೂ ಪಡೆದಿದ್ದ ಇಲ್ಲಿಯ 65 ಕಟ್ಟಡಗಳನ್ನು ಕೆಡವಲು ಮುಂಬಯಿ ಹೈಕೋರ್ಟು 2024ರ ನವೆಂಬರಿನಲ್ಲಿ ಆದೇಶ ಕೊಟ್ಟಿತು. ಜೀವಮಾನದ ದುಡ್ಡು ಹಾಕಿದ ಸಂಸಾರಗಳು ಅಲ್ಲಿವೆ. ಅವರ ಗೋಳಿನ ಮುಂದೆ ನಮ್ಮದು ಏನೂ ಅಲ್ಲ. ಆದರೆ ಆಮೇಲೆ ಬಂದ ಪ್ರತಿ ಪಾರ್ಟಿಯೂ ಕೂರುವ ಮೊದಲೇ "ಓಸಿ ಇದೆಯಾ?" ಎನ್ನುತ್ತದೆ. ಓಸಿ ಎಂಬ ಆಕ್ಯುಪೆನ್ಸಿ ಸರ್ಟಿಫಿಕೇಟು, ಶೇರ್ ಸರ್ಟಿಫಿಕೇಟು, ಬಿಲ್ಡರನಿಂದ ಮೊದಲು ಕೊಂಡವನ ಅಗ್ರಿಮೆಂಟಿನಿಂದ ಹಿಡಿದು ಎಲ್ಲ ಹಳೆಯ ಅಗ್ರಿಮೆಂಟುಗಳೂ ಬೇಕು. ಒಂದು ಕಳೆದಿದ್ದರೂ ಪೊಲೀಸ್ ದೂರು, ಪತ್ರಿಕೆಯಲ್ಲಿ ನೋಟೀಸು, ವಕೀಲರ ಫೀಸು. ಮೂವತ್ತು ವರ್ಷ ದಾಟಿದ ಕಟ್ಟಡವೆಂದರೆ ಬ್ಯಾಂಕಿನವರು ಸ್ಟ್ರಕ್ಚರಲ್ ಆಡಿಟ್ ಕೇಳುತ್ತಾರೆ, ಕೇಳಿದಷ್ಟು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಸೊಸೈಟಿಯ ಟ್ರಾನ್ಸ್‌ಫರ್ ಪ್ರೀಮಿಯಂ 25,000 ರೂಪಾಯಿ ಮೀರಬಾರದೆಂದು ಸರಕಾರದ ಸುತ್ತೋಲೆ 2001ರಿಂದಲೂ ಇದೆ. ಆದರೂ ದೇಣಿಗೆಯ ಹೆಸರಿನಲ್ಲಿ ಹೆಚ್ಚು ಕೇಳುವ ಸೊಸೈಟಿಗಳಿವೆ. ಇದು ಅನ್ಯಾಯ.

ರಿಡೆವಲಪ್‌ಮೆಂಟ್ ಎಂಬ ಆಸೆಯೊಂದು ಬೇರೆ ಕಾಡುತ್ತದೆ. "ಇನ್ನೆರಡು ವರ್ಷ ತಡೆಯಿರಿ, ಬಿಲ್ಡರ್ ಬರುತ್ತಾನೆ, ಲಿಫ್ಟಿರುವ ದೊಡ್ಡ ಮನೆ ಸಿಗುತ್ತದೆ" ಎಂದು ಜನರಲ್ ಬಾಡಿ ಮೀಟಿಂಗಿನಲ್ಲಿ ಹೇಳುವವರು ಪ್ರತಿ ವರ್ಷವೂ ಇದ್ದಾರೆ. ಎಪ್ಪತ್ತು ದಾಟಿದವರಿಗೆ ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದು ಮರಳುವ ಧೈರ್ಯ ಎಲ್ಲಿಂದ ಬರಬೇಕು? ಮಾರಿದರೆ ಮುಂದಿನ ಲಾಭ ಹೋಯಿತೆಂಬ ಚಿಂತೆ, ಮಾರದಿದ್ದರೆ ಮೆಟ್ಟಿಲು.

ನಮ್ಮ ಮಹಡಿಯ ನೆರೆಯವರು ಮೊದಲು ಬ್ರಹ್ಮಾವರದಲ್ಲಿ ಮನೆ ಕೊಂಡು, ಆಮೇಲೆ ಇಲ್ಲಿಯದನ್ನು ಮಾರಾಟಕ್ಕಿಟ್ಟರು. ಹಳೆಯ ಮನೆಯ ಲಾಭದ ಮೇಲಿನ ತೆರಿಗೆ ಉಳಿಯಬೇಕಾದರೆ, ಹೊಸ ಮನೆಯನ್ನು ಮಾರಾಟಕ್ಕೆ ಮುಂಚಿನ ಒಂದು ವರ್ಷದೊಳಗೆ ಅಥವಾ ಮಾರಿದ ನಂತರದ ಎರಡು ವರ್ಷದೊಳಗೆ ಕೊಂಡಿರಬೇಕು. ಕಟ್ಟಿಸುವುದಾದರೆ ಮೂರು ವರ್ಷ. ಮೊದಲೇ ಕೊಂಡವರಿಗೆ ಹಾಗಾಗಿ ಒಂದೇ ವರ್ಷದ ಗಡುವು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಆ ಮನುಷ್ಯ ಸೊರಗಿದ್ದನ್ನು ಕಣ್ಣಾರೆ ಕಂಡೆ. ಗಡುವಿದೆ ಎಂದು ಬ್ರೋಕರುಗಳಿಗೆ ತಿಳಿದರೆ ಬೆಲೆ ತಾನಾಗಿ ಇಳಿಯುತ್ತದೆ. ಊರಲ್ಲಿ ಮನೆ ನೋಡಿಟ್ಟುಕೊಳ್ಳಿ, ಆದರೆ ಇಲ್ಲಿಯ ಅಗ್ರಿಮೆಂಟ್ ರಿಜಿಸ್ಟರ್ ಆಗುವ ತನಕ ದೊಡ್ಡ ಮೊತ್ತ ಕೊಡಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇಷ್ಟೆಲ್ಲ ಇದ್ದರೂ ನಮ್ಮನ್ನು ಹೆಚ್ಚು ಬಳಲಿಸುವುದು ಬೆಲೆಯೂ ಅಲ್ಲ, ಕಾಗದವೂ ಅಲ್ಲ. ಮನೆ ನೋಡಿ, ಚಾ ಕುಡಿದು, "ಮನೆಯಲ್ಲಿ ಮಾತಾಡಿ ಹೇಳ್ತೇವೆ" ಎಂದು ಮೆಟ್ಟಿಲಿಳಿದು ಹೋದವರ ಮೌನ. ಅವರ ಮುಖದಲ್ಲಿ ಕಂಡ ಒಂದು ಮೆಚ್ಚುಗೆಯನ್ನು ಹಿಡಿದುಕೊಂಡು ನಾವು ವಾರ ಕಾಯುತ್ತೇವೆ. ಫೋನು ಸದ್ದಾದಾಗಲೆಲ್ಲ ಇಬ್ಬರೂ ಏಳುತ್ತೇವೆ. ಬ್ರೋಕರ್ ತಾನಾಗಿ ಹೇಳುವುದಿಲ್ಲ, ಕೇಳಿದರೆ "ಸೋಚ್ ರಹೇ ಹೈಂ" ಎನ್ನುತ್ತಾನೆ. ಬಾತ್‌ರೂಮಿನ ಒಡೆದ ಟೈಲ್ಸ್ ಬದಲಿಸಬೇಕೋ ಬೇಡವೋ, ಮಳೆಗಾಲಕ್ಕೆ ಮುಂಚೆ ಬಣ್ಣ ಬಳಿಸಬೇಕೋ, ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಮಾಡಿ ಊರಿಗೆ ಹೋಗಿ ಬರಬಹುದೋ ಎಂಬುದೆಲ್ಲ ಬಾರದ ಆ ಉತ್ತರದ ಮೇಲೆ ನಿಂತಿರುತ್ತದೆ.

ನಮ್ಮ ಮನೆ ಇನ್ನೂ ಹೋಗಿಲ್ಲ. ಈ ಹರಟೆ ಓದುವವರಲ್ಲಿ ಮನೆ ಹುಡುಕುತ್ತಿರುವವರೂ ಇರಬಹುದು. ನಿಮ್ಮಲ್ಲಿ ನನ್ನದೊಂದು ಕೋರಿಕೆ: ನಿಮಗೆ ಇಷ್ಟವಾಗದ ಮನೆಯವರಿಗೂ ಮರುದಿನ ಒಂದು ಫೋನ್ ಮಾಡಿ, "ನಮಗೆ ಬೇಡ" ಎಂದು ಹೇಳಿಬಿಡಿ.